ಅಜ್ಜನ ಗೋಡೆಯ ಮೇಲೆ ನಾಲ್ಕು ದೋಣಿ

ಮಾರ್ಚ್ ಎರಡನೇ ವಾರ, ಬೆಳಗಿನ ಏಳು ಗಂಟೆ, ಮೂಗು ಇದೆಯೋ ಬಿದ್ದುಹೋಯಿತೋ ಅಂತ ಮುಟ್ಟಿ ನೋಡಿಕೊಳ್ಳಬೇಕಾದಂಥ ಚಳಿ. ಬಂಡೆಯ ತಿರುವು ದಾಟಿದ ಕೂಡಲೇ ಡೆಂಜಿಲ್ ಕ್ವಾಲ್ಸ್ ದೋಣಿಯ ಮೋಟಾರು ಆರಿಸಿಬಿಟ್ಟ. ಗಾಳಕ್ಕೆ ಗಂಟು ಹಾಕುತ್ತಿದ್ದ ರೂಫಸ್ ಹ್ಯಾಟ್‌ಮೇಕರ್ ತಲೆ ಎತ್ತಿದ. ಎದುರಿಗೆ ಒಂದಲ್ಲ, ಎರಡಲ್ಲ, ನಾಲ್ಕು ದೋಣಿ ನಿಂತಿದ್ದವು.

"ಇದೇನೋ ಇದು," ಅಂದ ಡೆಂಜಿಲ್, ಮೆಲ್ಲಗೆ.

ಇದೇನು ಅಂತ ರೂಫಸ್‌ಗೆ ಚೆನ್ನಾಗಿ ಗೊತ್ತಿತ್ತು.

ಆ ನೀರಿನ ತಳದಲ್ಲಿ ಒಂದು ಕಲ್ಲುಗೋಡೆಯಿದೆ. ಅಣೆಕಟ್ಟು ಬಂದು ಕಣಿವೆಯೆಲ್ಲ ಮುಳುಗಡೆಯಾಗುವ ಮುಂಚೆ ಡೆಂಜಿಲ್‌ನ ಅಜ್ಜ ತನ್ನ ಹೊಲದ ಸುತ್ತ ಕೈಯಾರೆ ಕಟ್ಟಿದ್ದು. ಚಳಿಗಾಲ ಹಿಂದೆ ಸರಿದು ನೀರು ಒಂದಿಷ್ಟೇ ಬೆಚ್ಚಗಾಗುವ ಈ ಹದಿನೈದು ದಿನ ಕಂದುಮೀನುಗಳು ಆ ಗೋಡೆಗೆ ಒತ್ತಿಕೊಂಡು ನಿಲ್ಲುತ್ತವೆ. ಸ್ಮಾಲ್‌ಮೌತ್ ಬಾಸ್ ಅನ್ನೋದು ಅವುಗಳ ಪುಸ್ತಕದ ಹೆಸರು. ಇಲ್ಲಿ ಹಾಗೆ ಯಾರೂ ಕರೆಯುವುದಿಲ್ಲ. ಗೋಡೆ ಎಲ್ಲಿದೆ ಅಂತ ಗೊತ್ತಿದ್ದವರು ಮೂರೇ ಜನ: ಡೆಂಜಿಲ್, ಅವನ ತಮ್ಮ ಆರ್ಲಿಸ್, ಮತ್ತೆ ರೂಫಸ್. ಟೆನೆಸ್ಸೀಯ ಈ ಸೀಮೆಯಲ್ಲಿ ಗಂಡಸು ಮಗಳನ್ನಾದರೂ ಕೊಟ್ಟಾನು, ಮೀನಿನ ಜಾಗ ಕೊಡಲಾರ. ಹಿಡಿದ ಮೀನಿನ ಫೋಟೋ ತೆಗೆಯುವಾಗಲೂ ಹಿಂದಿನ ದಡ ಕಾಣದ ಹಾಗೆ ದೋಣಿಯ ತಳಕ್ಕೆ ಬಗ್ಗಿ ತೆಗೆಯುತ್ತಾರೆ. ಅಂಥದ್ದರಲ್ಲಿ, ಹೆಂಡತಿ ತೀರಿಹೋಗಿ ರೂಫಸ್ ಅನ್ನ ನೀರು ಬಿಟ್ಟು ಕೂತಿದ್ದಾಗ, ಡೆಂಜಿಲ್ ಅವನನ್ನು ರಟ್ಟೆ ಹಿಡಿದು ಎಬ್ಬಿಸಿ ಇಲ್ಲಿಗೆ ಕರೆತಂದಿದ್ದ. ಅದಕ್ಕೆ ಇಪ್ಪತ್ತಾರು ವರ್ಷವಾಯಿತು.

"ಆರ್ಲಿಸ್," ಅಂದ ಡೆಂಜಿಲ್. "ಇನ್ಯಾರು? ಅವನ ಹೊಟ್ಟೇಲಿ ಮಾತು ಒಂದು ರಾತ್ರಿ ನಿಲ್ಲಲ್ಲ."

"ಆರ್ಲಿಸ್ ಅಲ್ಲದೇನೂ ಇರಬಹುದು. ಈಗ ಯಂತ್ರದಲ್ಲಿ ನೀರಿನ ಕೆಳಗಿರೋದೆಲ್ಲ ಕಾಣ್ತದಂತೆ."

"ನಾಲ್ಕು ಯಂತ್ರ ಒಟ್ಟಿಗೇ ಕಂಡವಾ? ಮೂರು ಜನಕ್ಕೆ ಗೊತ್ತಿತ್ತು. ನಾನು ಹೇಳಿಲ್ಲ. ನಿನ್ನ ಮೇಲಂತೂ ದೇವರಾಣೆ ಅನುಮಾನ ಇಲ್ಲ. ಇನ್ನು ಉಳಿದೋನು ಯಾರು, ನೀನೇ ಹೇಳು."

ಬೈದಿದ್ದರೆ ರೂಫಸ್ ತಡೆದುಕೊಳ್ಳುತ್ತಿದ್ದನೇನೋ. ಈ ನಂಬಿಕೆ ಅವನ ಗಂಟಲಲ್ಲಿ ಬಿಸಿ ತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಹೋದ ವರ್ಷ ಇದೇ ದಿನಗಳಲ್ಲಿ ಡೆಂಜಿಲ್ ಎದೆಯ ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ರೂಫಸ್‌ಗೆ ಸುಮ್ಮನಿರಲಾಗಲಿಲ್ಲ. ಭಾವಮೈದನ ಚಪ್ಪಟೆ ದೋಣಿ ಎರವಲು ತಂದು, ಒಬ್ಬನೇ ಗೋಡೆಗೆ ಬಂದ. ಜನ್ಮದಲ್ಲಿ ಕಾಣದಂಥ ಮೀನು ಸಿಕ್ಕಿತು, ಆರು ಪೌಂಡಿನ ಮೇಲೆ. ಖುಷಿಗೆ ಬುದ್ಧಿ ಎಲ್ಲಿರುತ್ತೆ? ಒಂದು ಕೈಯಲ್ಲಿ ಮೀನು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಫೋಟೋ ತೆಗೆದು, ದಡದ ಗಾಳದಂಗಡಿಗೆ ಕಳಿಸಿಬಿಟ್ಟ. ಅಂಗಡಿಯಾಕೆ ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಅಂಗಡಿಯ ಗೋಡೆಗೆ ಸಿಕ್ಕಿಸಿದಳು. ರೂಫಸ್‌ನ ಕಿವಿಯ ಹಿಂದೆ ಈ ಬಂಡೆ, ಅದರ ಎರಡು ಬಿಳಿ ಗೆರೆ ಸಮೇತ, ಎದ್ದು ಕಾಣುತ್ತಿತ್ತು. ಒಂಬತ್ತು ದಿನದ ಮೇಲೆ ತಪ್ಪಿನ ಅರಿವಾಗಿ ತಾನೇ ಹೋಗಿ ಕಿತ್ತುಕೊಂಡು ಬಂದ. ಆ ಒಂಬತ್ತು ದಿನ ಅಂಗಡಿಗೆ ಬಂದವರು ಕಣ್ಣು ಮುಚ್ಚಿಕೊಂಡಿದ್ದರಾ?

ಇಬ್ಬರೂ ಗಾಳ ಎಸೆದರು. ಗಾಳದ ಕೋಲಿನ ಬಳೆಗಳಲ್ಲಿ ಮಂಜು ಗಟ್ಟಿಯಾಗಿ ನೂಲು ಸಿಕ್ಕಿಕೊಳ್ಳುತ್ತಿತ್ತು, ಗಳಿಗೆಗೊಮ್ಮೆ ಬೆರಳಿನಿಂದ ಒಡೆದು ತೆಗೆಯಬೇಕು. ಎಂಟಾಯಿತು, ಒಂಬತ್ತಾಯಿತು. ಯಾವ ದೋಣಿಗೂ ಏನೂ ಸಿಗಲಿಲ್ಲ. ಹತ್ತಿರದ ದೋಣಿಯಲ್ಲಿದ್ದ ಹಳದಿ ಕೋಟಿನವನು ರೂಫಸ್‌ನನ್ನೇ ನೋಡುತ್ತಿದ್ದ.

"ಯಜಮಾನ್ರೇ, ನಿಮ್ಮನ್ನ ಎಲ್ಲೋ ನೋಡಿದೀನಲ್ಲ," ಅಂತ ಕೂಗಿದ.

ರೂಫಸ್ ಟೋಪಿ ಕೆಳಗೆಳೆದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ಅವನದು.

"ಈ ಮುಖ ಊರಿಗೆಲ್ಲ ಒಂದೇ ಇರೋದು, ನೋಡಿರ್ತೀರಿ ಬಿಡಿ," ಅಂತ ಡೆಂಜಿಲ್ ಅವನ ಪರವಾಗಿ ಉತ್ತರ ಕೊಟ್ಟ.

ಹಳದಿ ಕೋಟಿನವನು ನಕ್ಕ, ಆದರೆ ನೋಟ ಕೀಳಲಿಲ್ಲ. ಈಗ ನೆನಪಾಗುತ್ತೆ, ಈಗ ಬಾಯಿ ಬಿಡುತ್ತಾನೆ ಅಂತ ರೂಫಸ್ ಅವನ ತುಟಿಯನ್ನೇ ಕಾಯುತ್ತಾ ಕೂತ.

"ಬೆಂಡು ಮುಳುಗಿತು ಕಣೋ," ಅಂದ ಡೆಂಜಿಲ್. "ರೂಫಸ್, ನಿನ್ನ ಗಾಳದ ಬೆಂಡು."

ಅವನು ತಿರುಗಿ ಕೋಲು ಎತ್ತುವಷ್ಟರಲ್ಲಿ ನೂಲು ಸಡಿಲವಾಗಿತ್ತು. ಬೆಳಗಿನಿಂದ ಕಚ್ಚಿದ್ದು ಅದೊಂದೇ ಮೀನು. ಡೆಂಜಿಲ್ ಬೈಯಲಿಲ್ಲ, ಗಾಳ ಸುತ್ತಿಕೊಂಡ.

"ಇಷ್ಟೊತ್ತಿಗೆ ಆರ್ಲಿಸ್ ದಡಕ್ಕೆ ಬಂದಿರ್ತಾನೆ, ತಿಂಡಿ ತಗೊಂಡು," ಅಂದ. "ಇವತ್ತು ಅವನ ಹತ್ರ ನನ್ನ ಮನೆ ಬೀಗದ ಕೈ ವಾಪಸ್ ಇಸ್ಕೋತೀನಿ. ಇನ್ನು ನನ್ನ ಹೊಸಿಲು ತುಳಿಯೋದು ಬೇಡ."

"ಆಪರೇಷನ್ ಆದಮೇಲೆ ಮೂರು ತಿಂಗಳು ನಿನ್ನ ನೋಡ್ಕೊಂಡೋನು ಅವನೇ ಅಲ್ವಾ."

"ಹೌದು, ಮಗು ಥರ ನೋಡ್ಕೊಂಡ. ಅದಕ್ಕೇ ಜಾಸ್ತಿ ಉರೀತಿರೋದು."

ಡೆಂಜಿಲ್ ಬಾಯಿಮಾತಿಗೆ ಹೀಗೆ ಹೇಳುವವನಲ್ಲ. ಒಂದು ನಾಯಿಯ ವಿಷಯಕ್ಕೆ ಸೋದರಮಾವನ ಮಗನ ಜೊತೆ ಹನ್ನೊಂದು ವರ್ಷ ಮಾತು ಬಿಟ್ಟು, ಕೊನೆಗೆ ಅವನ ಹೆಣ ನೋಡಲೂ ಹೋಗದ ಆಸಾಮಿ. ಮೋಟಾರು ಶುರುವಾಯಿತು, ಗೋಡೆ ಹಿಂದೆ ಬಿತ್ತು. ದಡಕ್ಕೆ ಹದಿನೈದು ನಿಮಿಷ. ಹೇಳದಿದ್ದರೆ ಏನಾಗುತ್ತೆ ಅಂತ ರೂಫಸ್ ಲೆಕ್ಕ ಹಾಕಿದ. ಏನೂ ಆಗುವುದಿಲ್ಲ, ಆರ್ಲಿಸ್ ಹೋಗುತ್ತಾನೆ, ತಾನು ಉಳಿಯುತ್ತೇನೆ. ಅಷ್ಟು ಸುಲಭ ಅನ್ನುವುದೇ ಅವನಿಗೆ ಹೇಸಿಗೆ ಹುಟ್ಟಿಸಿತು. ದೂರದಲ್ಲಿ ದಡದ ಮೇಲೆ ಆರ್ಲಿಸ್‌ನ ಕೆಂಪು ಗಾಡಿ ಕಂಡಾಗ ಅವನು ಕೈ ಎತ್ತಿದ.

"ಮೋಟಾರು ನಿಲ್ಸು."

ಡೆಂಜಿಲ್ ನಿಲ್ಲಿಸಿದ. ರೂಫಸ್ ಒಂದೇ ಉಸಿರಿಗೆ ಎಲ್ಲ ಹೇಳಿದ, ಭಾವಮೈದನ ದೋಣಿ, ಮೀನು, ಫೋಟೋ, ಒಂಬತ್ತು ದಿನ.

"ಮೀನು ಎಷ್ಟಿತ್ತು?" ಅಂದ ಡೆಂಜಿಲ್.

"ಆರರ ಮೇಲೆ."

"ನಾನು ಎದೆ ಹೊಲಿಸ್ಕೊಂಡು ಮಲಗಿದ್ದಾಗ."

"ಹೌದು."

"ಅವತ್ತೇ ಬಂದು ಹೇಳಿದ್ರೆ ಆ ಹಾಸಿಗೆ ಮೇಲೇ ಖುಷಿಗೆ ಎದ್ದು ಕೂತ್ಕೋತಿದ್ದೆ ಕಣೋ. ಆರರ ಮೇಲೆ. ನಮ್ಮಜ್ಜನ ಗೋಡೆಯಿಂದ."

ಮತ್ತೆ ಮೋಟಾರು ಹಾಕಿದ. ದಡ ಮುಟ್ಟುವ ತನಕ ತಿರುಗಿ ನೋಡಲಿಲ್ಲ.

ಆರ್ಲಿಸ್ ಸಾಸೇಜಿಟ್ಟ ಬನ್ನುಗಳ ಪೊಟ್ಟಣ ಹಿಡಿದು ಮೊಣಕಾಲುದ್ದದ ನೀರಿಗೇ ಇಳಿದು ಬಂದ. "ಏನಣ್ಣ, ಇಬ್ಬರ ಮುಖಾನೂ ಹರಳೆಣ್ಣೆ ಕುಡಿದ ಹಾಗಿದೆ. ಮೀನುಗಳು ಬೈದು ಕಳಿಸಿದ್ವಾ?"

ಡೆಂಜಿಲ್ ತಮ್ಮನನ್ನು ಬಹಳ ಹೊತ್ತು ನೋಡಿದ. ಡೆಂಜಿಲ್ ಕೈ ಚಾಚಿ ಒಂದು ಬನ್ನು ತೆಗೆದುಕೊಂಡ.

"ನಾಳೆ ಬೆಳಗ್ಗೆ ಬಿಡುವಿದೆಯೇನೋ ಆರ್ಲಿಸ್? ನನ್ನ ಜೊತೆ ಬಾ."

"ನಾನಾ? ಮತ್ತೆ ರೂಫಸ್ ಬರಲ್ವಾ?"

"ಅವನಿಗೆ ಒಬ್ಬನೇ ಹೋಗಿ ಅಭ್ಯಾಸ ಇದೆ."

ಇದೇನೋ ತಮಾಷೆ ಅಂದುಕೊಂಡು ಆರ್ಲಿಸ್ ಹೊಟ್ಟೆ ಹಿಡಿದು ನಕ್ಕ. ನಗುತ್ತಲೇ ಇನ್ನೊಂದು ಬನ್ನು ರೂಫಸ್‌ನ ಕೈಗಿಟ್ಟು, "ತಿನ್ನಪ್ಪ, ತಣ್ಣಗಾಗ್ತದೆ," ಅಂದ. ಅಣ್ಣ ತಮ್ಮ ಇಬ್ಬರೂ ಸೇರಿ ದೋಣಿಯನ್ನು ಗಾಡಿಯ ಹಿಂದಕ್ಕೆ ಎಳೆಯತೊಡಗಿದರು. ಅದು ಮೂರು ಜನ ಎಳೆಯುವಷ್ಟು ಭಾರ. ಕಾಲು ಜಾರಿದರೂ, ಏದುಸಿರು ಬಿಟ್ಟರೂ, ಡೆಂಜಿಲ್ ರೂಫಸ್‌ನನ್ನು ಕೈ ಹಾಕು ಬಾ ಅಂತ ಕರೆಯಲಿಲ್ಲ.