ಕದಿಯುವವರಿಲ್ಲದ ಬಾಲಯೇಸು

ಆಂಡೀಸ್ ಬೆಟ್ಟದ ಆ ಊರಿನಲ್ಲಿ ಕ್ರಿಸ್‌ಮಸ್ ಗೋದಲಿಯ ಬಾಲಯೇಸುವಿನ ಗೊಂಬೆ ಕಳುವಾಗುವುದೇ ಮರ್ಯಾದೆ. ಹೊಸ ವರ್ಷ ಬಂದರೂ ಗೋದಲಿಯಲ್ಲಿ ಮಲಗಿದ ಮಗುವನ್ನು ಎಬ್ಬಿಸಿ ನಿಲ್ಲಿಸದ ಮನೆಗೆ ನೆರೆಯವರು ನುಗ್ಗಿ ಎತ್ತಿಕೊಂಡು ಹೋಗುತ್ತಾರೆ. ಕಳೆದುಕೊಂಡವರು ಮನೆಮನೆಗೆ ಹೋಗಿ ಹಾಡಿ ಹುಡುಕಬೇಕು. ಸಿಕ್ಕ ಮೇಲೆ ಊರಿಗೆಲ್ಲ ಕೇಕು, ವೈನು ಕೊಡಬೇಕು.

ಊರಿನ ಸಿರಿವಂತೆ ದೋನ್ಯಾ ಎದೆಲ್ಮಿರಾರ ಮನೆಯ ಬಾಲಯೇಸು ಮಾತ್ರ ಒಂದು ವರ್ಷವೂ ಕಳುವಾಗಲಿಲ್ಲ. ಆಗುವುದಾದರೂ ಹೇಗೆ? ದಂತದ ಮೈ, ಚಿನ್ನದ ಕಿರೀಟ, ಸುತ್ತ ಗಾಜಿನ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ. ಕೊಟ್ಟಿಗೆಯಲ್ಲಿ ಹುಟ್ಟಿದ ದೇವರಿಗೆ ಈ ವಿಧವೆ ಅಷ್ಟು ಕಾವಲು ಹಾಕಿದ್ದರು. ನೋಡಲು ಬಂದವರು ಕಾಲೊರೆಸಿಕೊಂಡು, ಕೈಕಟ್ಟಿ ನಿಂತು ಹೋಗುತ್ತಿದ್ದರು. ಈಚೆಗೆ ಅವರೂ ಬರುತ್ತಿರಲಿಲ್ಲ. ಆ ದೊಡ್ಡ ಮನೆಯಲ್ಲಿ ಎದೆಲ್ಮಿರಾರನ್ನು ಒಂಟಿತನ ಹಿಂಡುತ್ತಿತ್ತು. ಹಾಗೆಂದು ಬಾಯಿಬಿಟ್ಟು ಯಾರನ್ನಾದರೂ ಕರೆಯುವುದೇ? ಛೆ, ಎಲ್ಲಾದರೂ ಉಂಟೇ!

ಈ ವರ್ಷ ಬೀಗ ತೆಗೆದರು. ಬಾಗಿಲನ್ನೂ ತೆರೆದಿಟ್ಟರು. ಒಂದು ಬೆಕ್ಕು ಬಂದು ಹೋಯಿತು, ಅಷ್ಟೇ. ಜನವರಿ ಕಳೆಯುತ್ತ ಬಂದಾಗ ಬೇರೆ ದಾರಿ ಕಾಣದೆ, ಕಿರೀಟ ತೆಗೆದಿಟ್ಟು ಮಗುವನ್ನು ತಾವೇ ಹಿಟ್ಟಿನ ಡಬ್ಬಿಯಲ್ಲಿ ಹೂತು, ಬೀದಿಗೆ ಬಂದು ಎದೆ ಬಡಿದುಕೊಂಡರು.

"ಅಯ್ಯೋ, ನನ್ನ ಕಂದನ್ನ ಕದ್ದುಬಿಟ್ರಪ್ಪೋ!"

ಬಟ್ಟೆ ಒಗೆಯುವ ಬ್ರಿಹಿದಾಳನ್ನು ಕೇಕು ಬೇಯಿಸಲು ತಮ್ಮ ಅಡುಗೆಮನೆಗೆ ಕಳಿಸಿ, ಹುಡುಕಲು ಹೊರಟರು. ವಾಪಸು ಬಂದು, ಕಳ್ಳ ನಾಚಿ ಹೊಸ್ತಿಲಲ್ಲಿಟ್ಟು ಹೋದ ಎಂದರಾಯಿತು. ಅಷ್ಟರಲ್ಲಿ ಮನೆತುಂಬ ಜನ ಇರುತ್ತಾರೆ.

ಪಿಟೀಲಿನವನು ಮುಂದೆ, ಊರು ಹಿಂದೆ. ಎಂದೂ ಕಾಲಿಡದ ಮನೆಗಳ ಗಿಡ್ಡ ಬಾಗಿಲುಗಳಲ್ಲಿ ಎದೆಲ್ಮಿರಾ ತಲೆ ಬಗ್ಗಿಸಿ ಒಳಹೊಕ್ಕರು.

"ಅಮ್ಮಾವ್ರು ನಮ್ಮನೆಗೆ! ಸೂರ್ಯ ಯಾವ ಕಡೆ ಹುಟ್ದ ಇವತ್ತು?" ಎಂದು ಆಲೂಗಡ್ಡೆ ಬೆಳೆಯುವ ಸಿಪ್ರಿಯಾನೋ ಕಿಚಾಯಿಸಿದ.

ಹೊಗೆ ತುಂಬಿದ ಅಡುಗೆಮನೆಗಳಲ್ಲಿ ಕೂತು ಕಾಫಿ ಕುಡಿದರು. ಬಹಳ ಹಿತವೆನಿಸಿತು, ಅದಕ್ಕೇ ಅವರಿಗೆ ಸಿಟ್ಟು ಬಂತು.

ಕೊನೆಯದು ಬ್ರಿಹಿದಾಳ ಮನೆ. ಎದೆಲ್ಮಿರಾರ ಅಡುಗೆಮನೆಯಲ್ಲಿರಬೇಕಾದವಳು ಇಲ್ಲಿ ಬಾಗಿಲಲ್ಲಿ ನಿಂತಿದ್ದಳು. ಅವಳ ಶಾಲಿನೊಳಗೆ ಹಿಟ್ಟು ಮೆತ್ತಿದ ಮಗು. ಹುಟ್ಟಿದಾರಭ್ಯ ಒಲೆಯ ಮುಂದೆ ನಿಲ್ಲದ ಎದೆಲ್ಮಿರಾರಿಗೆ ಕೇಕಿಗೂ ಹಿಟ್ಟೇ ಬೇಕೆಂಬುದು ಆಗ ಹೊಳೆಯಿತು. ಇವಳು ಬಾಯಿಬಿಟ್ಟರೆ ಮುಗಿಯಿತು, ಊರಿನಲ್ಲಿ ತಲೆ ಎತ್ತುವಂತಿಲ್ಲ.

"ಕದ್ದೋಳು ನಾನೇ," ಎಂದಳು ಬ್ರಿಹಿದಾ, ಎಲ್ಲರಿಗೂ ಕೇಳುವಂತೆ. "ನಮ್ಮನೇಲಿ ತೊಟ್ಲೆಲ್ಲಿದೆ? ಹಿಟ್ಟಿನ ಡಬ್ಬೀಲೇ ಮಲಗ್ಸಿದ್ದೆ."

"ಎಲಾ ಕಳ್ಳಿ! ಅಮ್ಮಾವ್ರ ಮನೆಗೇ ಕನ್ನ ಹಾಕ್ದ್ಯಾ?" ಊರೆಲ್ಲ ಅವಳನ್ನು ನೋಡಿ ನಕ್ಕಿತು. ಅವಳೂ ನಕ್ಕಳು.

ಮಗುವನ್ನು ಕೈಗೆ ಕೊಡುವಾಗ ಮಾತ್ರ ಪಿಸುಗುಟ್ಟಿದಳು: "ಬೋರಲು ಮಲಗ್ಸಿದ್ರಲ್ಲಮ್ಮಾ. ಉಸಿರು ಕಟ್ಟಲ್ವಾ ಅದಕ್ಕೆ?"

ಎಲ್ಲರೂ ಸಾಲಾಗಿ ಬಂದು ಮಗುವಿಗೆ ಮುತ್ತಿಟ್ಟರು. ಎಲ್ಲರ ಮೂತಿಯೂ ಬೆಳ್ಳಗಾಯಿತು. ಎದೆಲ್ಮಿರಾ ಕರವಸ್ತ್ರ ತೆಗೆದರು, ಆದರೆ ಹಿಟ್ಟು ಒರೆಸಲಿಲ್ಲ. ತಾವೂ ಮುತ್ತಿಟ್ಟರು.

"ಎಲ್ರೂ... ನಮ್ಮನೆಗೆ ಬನ್ನಿ," ಎಂದರು.

"ಕೇಕು ಮಾಡ್ಲಿಲ್ಲಮ್ಮಾ," ಎಂದಳು ಬ್ರಿಹಿದಾ ಮೆಲ್ಲಗೆ. "ಆ ಹಿಟ್ಟು ಮುಟ್ಟೋಕೆ ಮನಸ್ಸೇ ಬರ್ಲಿಲ್ಲ."

"ಬೇಡ ಬಿಡೇ," ಎಂದ ಎದೆಲ್ಮಿರಾ ಎಲ್ಲರತ್ತ ತಿರುಗಿದರು. "ಏನೂ ಇಲ್ಲ ಮನೇಲಿ. ಸುಮ್ನೆ ಬನ್ನಿ."