ಒಪ್ಪಲಿಲ್ಲವಂತೆ

ಟ್ಯಾಂಕರಿನ ಪೈಪು ಕೈಯಿಂದ ಜಾರಿ ಜಾರಿ ಹೋಗುತ್ತಿತ್ತು. ಅವಳು ಅದನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದು ಡ್ರಮ್ಮಿನೊಳಗೆ ಇಳಿಸುವಷ್ಟರಲ್ಲಿ ಮಗಳು ಗೇಟಿನ ಹತ್ತಿರ ಬಂದು ನಿಂತಳು.

"ಅಮ್ಮಾ, ತಾತ ಏಳ್ತಾನೇ ಇಲ್ಲ."

"ಮಲಗಿರ್ಲಿ ಬಿಡು. ರಾತ್ರಿಯೆಲ್ಲ ಕೆಮ್ಮಿದ್ದಾರೆ."

"ಕಾಲು ತಣ್ಣಗಿದೆ ಅಮ್ಮಾ."

ಹಿಂದೆ ಪಕ್ಕದ ಬೀದಿಗಳಿಂದ ಬಕೆಟ್ಟು, ಬಿಂದಿಗೆ ಹಿಡಿದು ಬಂದವರ ಸಾಲು. ಪೈಪು ಬಿಟ್ಟರೆ ನೀರು ಮುಂದಿನವರ ಪಾಲು, ಮತ್ತೆ ಟ್ಯಾಂಕರು ಯಾವಾಗ ಬರುತ್ತದೋ ಹೇಳುವವರಿಲ್ಲ. "ಇರು ಪುಟ್ಟಿ, ಡ್ರಮ್ಮು ತುಂಬಲಿ," ಎಂದಳು.

ಡ್ರಮ್ಮು ತುಂಬಿತು. ಆಮೇಲೆ ಒಳಗೆ ಹೋಗಿ ಮಾವನ ಕಾಲು ಮುಟ್ಟಿದಳು.

ಮಾವ ಗಾರೆ ಮೇಸ್ತ್ರಿ. ಸುತ್ತ ಬರೀ ಬಯಲಿದ್ದ ಕಾಲದಲ್ಲಿ ಈ ಬೀದಿಯ ಮನೆಗಳಿಗೆ ದಾರ ಹಿಡಿದು ಗೋಡೆ ಎಬ್ಬಿಸಿದವರು ಅವರೇ. ಈಗ ಆ ಮನೆಗಳಲ್ಲಿ ಉಳಿದಿದ್ದು ಇದೊಂದು. ಉಳಿದವನ್ನೆಲ್ಲ ಕೆಡವಿ ಅಪಾರ್ಟ್‌ಮೆಂಟು ಎಬ್ಬಿಸುತ್ತಿದ್ದರು. ಪಕ್ಕದ ಸೈಟಿನಲ್ಲಿ ಯಂತ್ರ ನೆಲ ಕುಟ್ಟಿದಾಗಲೆಲ್ಲ ಇವರ ಗೋಡೆ ಬಿರುಕು ಬಿಡುತ್ತಿತ್ತು. ಮಾವ ಬೆಳಿಗ್ಗೆ ಎದ್ದು ಕರಣೆ ಹಿಡಿದು ಬಿರುಕು ಮುಚ್ಚುತ್ತಿದ್ದರು. ಸಂಜೆಯ ಹೊತ್ತಿಗೆ ಅದು ಮತ್ತೆ ಬಾಯಿ ತೆರೆಯುತ್ತಿತ್ತು.

ಬಿಸಿಲೇರುವ ಹೊತ್ತಿಗೆ, ಸಾವಿನ ಸುದ್ದಿ ಕೇಳಿ, ಬೀದಿ ಬಿಟ್ಟು ಹೋಗಿದ್ದವರು ಒಬ್ಬೊಬ್ಬರೇ ಬಂದರು. ಮೂಲೆಯಲ್ಲಿ ಅಂಗಡಿ ಇಟ್ಟಿದ್ದ ದಪ್ಪಣ್ಣ ಬೆವರು ಒರೆಸಿಕೊಂಡು ಗೋಡೆಗೊರಗಿ ಕೂತ.

"ಸಿಗ್ನಲ್ಲಲ್ಲೇ ಅರ್ಧ ಆಯಸ್ಸು ಹೋಯ್ತು. ಮೇಸ್ತ್ರಿ ಕಾಯ್ತಾರೆ ಅಂತ ಧೈರ್ಯದ ಮೇಲೆ ಬಂದೆ."

"ಕಾಯದೆ ಎಲ್ಲಿಗೆ ಹೋಗ್ತಾರೆ? ಸುಮ್ನಿರ್ರೀ," ಎಂದು ಎದುರು ಮನೆಯಲ್ಲಿದ್ದ ಟೀಚರಮ್ಮ ಗದರಿದರು. ಗದರುವಾಗಲೇ ನಗು ಬಂದು ಬಾಯಿಗೆ ಸೆರಗು ಅಡ್ಡ ಹಿಡಿದರು.

"ನೀವು ಹೋದ್ಮೇಲೆ ಬೀದಿನೇ ಭಣಗುಟ್ತಾ ಇತ್ತು ಟೀಚರಮ್ಮ."

"ಇರೋಕಾಗ್ಬೇಕಲ್ಲಪ್ಪ! ಕಿಟಕಿ ಎದುರಿಗೇ ಹನ್ನೆರಡು ಮಹಡಿ ಎದ್ದು ನಿಂತ್ಕೊಳ್ತು. ಮಧ್ಯಾಹ್ನ ಲೈಟ್ ಹಾಕ್ಕೊಂಡು ಪೇಪರ್ ಓದ್ಬೇಕು. ಇದೇನು ಮನೆಯೋ ಬಾವಿಯೋ ಅಂದ್ರು ನಮ್ಮೆಜಮಾನ್ರು. ನೀನ್ಯಾಕೆ ಹೋದೆ, ವ್ಯಾಪಾರ ಚೆನ್ನಾಗಿತ್ತಲ್ಲ?"

"ರಸ್ತೆ ಅಗಲ ಆಯ್ತು, ಗಿರಾಕಿ ಆ ಕಡೆ ಉಳ್ಕೊಂಡ್ರು. ಉಪ್ಪಿನ ಪ್ಯಾಕೆಟ್ಟಿಗೆ ಜೀವ ಕೈಯಲ್ಲಿ ಹಿಡ್ಕೊಂಡು ದಾಟಿ ಬರ್ತಾರಾ?"

ನಾದಿನಿ ಬಂದಿದ್ದು ಎಲ್ಲರಿಗಿಂತ ತಡವಾಗಿ. ಅಪ್ಪನ ಎದೆಯ ಮೇಲೆ ಬಿದ್ದು ಅತ್ತು, ಸುಸ್ತಾಗಿ, ಅಣ್ಣನ ಕಡೆ ತಿರುಗಿದಳು.

"ಮುಂದಿನ ತಿಂಗಳು ನೀವೂ ಊರು ಬಿಡ್ತಿದ್ರಂತಲ್ಲ. ಅಪ್ಪನ್ನ ಏನ್ ಮಾಡೋರಿದ್ರಿ?"

"ಅಪ್ಪ ಒಪ್ಪಲಿಲ್ಲ," ಎಂದ ಅಣ್ಣ, ನೆಲ ನೋಡುತ್ತ.

"ಕೈಯಾರೆ ಕಟ್ಟಿದ ಮನೆ. ಹೇಗೆ ಒಪ್ತಾರೆ?" ಎಂದರು ಟೀಚರಮ್ಮ. ಮಾತು ಹಜಾರದಲ್ಲಿ ಒಬ್ಬರ ಬಾಯಿಂದ ಒಬ್ಬರಿಗೆ ಹೋಯಿತು. ಒಪ್ಪಲಿಲ್ಲವಂತೆ. ಪಾಪ, ಒಪ್ಪಲಿಲ್ಲವಂತೆ.

ಮಗಳು ಅವಳ ತೋಳು ಜಗ್ಗಿದಳು. "ಅಮ್ಮಾ, ಒಂದು ಕೇಳ್ಲಾ?"

"ಈಗ ಬೇಡ ಕಣೆ, ಆಮೇಲೆ."

* * *

ಜಾಗ ಬದಲಾಯಿಸಿ ಎಂದು ಹೇಳಿದ್ದು ಡಾಕ್ಟರು. ಉಬ್ಬಸ ಪಡುತ್ತಿದ್ದ ಮಗಳ ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಕೇಳಿದ ಮೇಲೆ, "ಔಷಧಿ ಎಷ್ಟು ಕೊಟ್ರೂ ಈ ಧೂಳಲ್ಲಿ ಉಪಯೋಗ ಇಲ್ಲಮ್ಮ" ಎಂದಿದ್ದರು. ಮಾವನ ಕೆಮ್ಮನ್ನು ಮಾತ್ರ ಯಾರೂ ಡಾಕ್ಟರ ಹತ್ತಿರ ಒಯ್ದಿರಲಿಲ್ಲ. ಸಿಮೆಂಟು ಕುಡಿದ ಎದೆ, ಕೆಮ್ಮದೆ ಇನ್ನೇನು ಎಂದು ಮನೆಯಲ್ಲಿ ಎಲ್ಲರೂ, ಮಾವನೂ, ಅಂದುಕೊಂಡಿದ್ದರು.

ದೂರದ ಸಣ್ಣ ಊರಿನಲ್ಲಿ ಬಾಡಿಗೆ ಮನೆ ನೋಡಿದ್ದು ಒಂದು ಭಾನುವಾರ. ಎರಡೇ ಕೋಣೆ. ಹಿಂದುಗಡೆ ಒಂದು ಮರ. ನಲ್ಲಿ ತಿರುಗಿಸಿದರೆ ನೀರು ಬಂತು. ಅವಳು ಆ ನೀರಿಗೆ ಕೈಯೊಡ್ಡಿ ಸುಮ್ಮನೆ ನಿಂತುಬಿಟ್ಟಳು.

"ಮಾವನ ಮಂಚ ಎಲ್ಲಿ ಹಾಕೋದು?" ಎಂದಳು.

"ಅಪ್ಪ ಆ ಮನೆ ಬಿಟ್ಟು ಬರೋ ಪೈಕಿನಾ?" ಎಂದ ಗಂಡ. "ನೀನೇ ಹೇಳು."

ಅವಳು ನಲ್ಲಿ ನಿಲ್ಲಿಸಿದಳು. ನಿಜ ಹೇಳಬೇಕೆಂದರೆ, ಆ ಮಾತು ಕೇಳಿ ಮನಸ್ಸು ಹಗುರವಾಯಿತು. ಮಂಚಕ್ಕೆ ಜಾಗ ಹುಡುಕುವುದು ತಪ್ಪಿತು.

ಅದಾಗಿ ಕೆಲವು ದಿನಕ್ಕೆ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಾಗ ಹಿತ್ತಿಲಿನಿಂದ ಮಾತು ಕೇಳಿಸಿತು. ಮಾವ ಬಿರುಕಿಗೆ ಗಾರೆ ಮೆತ್ತುತ್ತಿದ್ದರು, ಪಕ್ಕದಲ್ಲಿ ಪುಟ್ಟಿ ಕೂತಿದ್ದಳು.

"ಆ ಮನೆ ಹಿಂದೆ ಮರ ಇದೆ ತಾತ. ದೊಡ್ಡದು."

"ಹೌದೇನೆ? ಮನೆ ಮೇಲೆ ನೆರಳು ಬೆಳಿಗ್ಗೆ ಬೀಳುತ್ತೋ ಸಂಜೆಯೋ?"

"ಗೊತ್ತಿಲ್ಲ."

"ನೋಡ್ಕೊಂಡು ಬರ್ಬೇಕಲ್ವಾ ಪೆದ್ದಿ. ಸಂಜೆ ಬಿದ್ರೆ ಗೋಡೆ ಪಕ್ಕ ಒಂದು ಕಟ್ಟೆ ಕಟ್ಬಹುದು, ಕೂತ್ಕೊಳ್ಳೋಕೆ."

"ಈ ಮನೆ ಬಿಡೋಕೆ ನಿಂಗೆ ಬೇಜಾರಿಲ್ವಾ?"

"ಇಟ್ಟಿಗೆ ತಾನೇ ಕಂದ. ಎಲ್ಲಿ ಜೋಡಿಸಿದ್ರೂ ನಿಲ್ಲುತ್ತೆ."

ಅವಳು ಸೌಟು ಹಿಡಿದುಕೊಂಡೇ ನಿಂತಳು. ನೀವೂ ಬರ್ತೀರಾ ಎಂದು ಊಟಕ್ಕೆ ಕೂತಾಗ ಕೇಳಿದರಾಯಿತು ಎಂದುಕೊಂಡಳು. ಊಟಕ್ಕೆ ಕೂತಾಗ ಮಾವ ಅವಳ ಮುಖವನ್ನೊಮ್ಮೆ ನೋಡಿದರು. ಅವಳು ಸಾರು ಬಡಿಸಿದಳು.

* * *

ಶವದ ವ್ಯಾನಿಗೆ ಬೀದಿಯೊಳಗೆ ಬರಲಾಗಲಿಲ್ಲ. ಕಾಂಕ್ರೀಟಿನ ಲಾರಿ ಅಡ್ಡ ನಿಂತಿತ್ತು, ಅದರ ಬೆನ್ನ ಮೇಲಿನ ಡ್ರಮ್ಮು ಗರಗರ ತಿರುಗುತ್ತಿತ್ತು.

"ಸ್ವಲ್ಪ ಹಿಂದೆ ತಗೊಳ್ಳಪ್ಪ, ಸಾವಾಗಿದೆ," ಎಂದ ದಪ್ಪಣ್ಣ.

"ಮೇಲೆ ಸ್ಲ್ಯಾಬ್ ಹಾಕ್ತಾ ಇದಾರೆ ಅಣ್ಣ. ಅರ್ಧಕ್ಕೆ ನಿಲ್ಲಿಸಿದ್ರೆ ಎಲ್ಲ ಹಾಳಾಗುತ್ತೆ," ಎಂದು ಡ್ರೈವರು ಕೈ ಮುಗಿದ.

"ಅದೂ ನಿಜಾನೇ. ನಿಲ್ಲಿಸಿದ್ರೆ ಮೇಸ್ತ್ರಿನೇ ಎದ್ದು ಬಂದು ಬೈತಾರೆ."

ಲಾರಿಗೂ ತಗಡಿನ ಬೇಲಿಗೂ ನಡುವೆ ಇದ್ದ ಸಂದಿಯಲ್ಲಿ ಅವರನ್ನು ಓರೆಯಾಗಿ ಹಿಡಿದು ದಾಟಿಸಿದರು. ಮೇಲಿಂದ ಉದುರಿದ ಬೂದುಬಣ್ಣದ ಧೂಳು ಬಿಳಿ ಬಟ್ಟೆಯ ಮೇಲೆ ಕೂತಿತು. ಗಂಡ ಅದನ್ನು ಕೊಡವಲು ಹೋಗಿ, ಕೊಡವಿದಷ್ಟೂ ಬೀಳುವುದನ್ನು ಕಂಡು ಸುಮ್ಮನಾದ.

ಸ್ಮಶಾನದಲ್ಲೂ ಸಾಲಿತ್ತು. ಊರು ಬೆಳೆದಿದೆ, ಏನು ಮಾಡೋದು ಎಂದ ಅಲ್ಲಿನವನು.

ಮನೆಗೆ ಮರಳುವಾಗ ಹೊತ್ತಿಳಿದಿತ್ತು. ಯಾರೋ ಚಹಾ ತರಿಸಿದರು. ಹಜಾರದ ನಡುವೆ ಮಾವ ಮಲಗಿದ್ದ ಜಾಗವನ್ನು ಬಿಟ್ಟು ಎಲ್ಲರೂ ಗೋಡೆಯುದ್ದಕ್ಕೂ ಕೂತಿದ್ದರು. ಮಗಳು ಬಂದು ಅವಳ ತೊಡೆಯೇರಿದಳು. ಆ ಪುಟ್ಟ ಎದೆಯಲ್ಲಿ ಉಸಿರು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು.

ನಾದಿನಿ ಹತ್ತಿರ ಸರಿದು ಅವಳ ಕೈ ಹಿಡಿದುಕೊಂಡಳು.

"ಅತ್ತಿಗೆ, ಅಣ್ಣ ಸರಿಯಾಗಿ ಏನೂ ಹೇಳೋದಿಲ್ಲ. ಬರಲ್ಲ ಅಂದಾಗ ಅಪ್ಪ ಏನಂದ್ರು? ಅವರ ಬಾಯಲ್ಲಿ ಬಂದ ಹಾಗೇ ಹೇಳಿ. ನಂಗೆ ಅಷ್ಟಾದ್ರೂ ಇರ್ಲಿ."

ಗಂಡ ತಲೆಯೆತ್ತಿ ಅವಳನ್ನು ನೋಡಿದ. ಟೀಚರಮ್ಮ ಲೋಟ ಕೆಳಗಿಟ್ಟರು. ಅವಳು ಮಗಳ ಕೂದಲು ಹಿಂದಕ್ಕೆ ಸರಿಸಿದಳು.

"'ನನ್ನ ಕೈಯಾರೆ ಕಟ್ಟಿದ ಮನೆ ಕಣಮ್ಮ,' ಅಂದ್ರು. 'ನೀವು ಹೋಗಿ ಸುಖವಾಗಿರಿ, ನಾನು ಇಲ್ಲೇ ಇರ್ತೀನಿ,' ಅಂದ್ರು."

"ಅಯ್ಯೋ, ಅಪ್ಪನ ಮಾತೇ ಅದು!" ನಾದಿನಿ ಆ ಮಾತನ್ನು ತನ್ನಷ್ಟಕ್ಕೆ ಇನ್ನೊಮ್ಮೆ ಹೇಳಿಕೊಂಡು ಬಿಕ್ಕಿದಳು. ದಪ್ಪಣ್ಣ ಕಣ್ಣೊರೆಸಿಕೊಂಡ.

ಮಗಳು ತೊಡೆಯ ಮೇಲೆಯೇ ಎದ್ದು ಕೂತಳು. ಎರಡೂ ಕೈಯಿಂದ ಅಮ್ಮನ ಕೆನ್ನೆ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ಅಮ್ಮಾ, ತಾತನ್ನ ಯಾವಾಗ ಕೇಳ್ದೆ?"