ನರೇಂದ್ರನ ಹಾರನ್

ಹಾರ ಹಾಕಲು ಬಗ್ಗಿದ ನರೇಂದ್ರನ ಮುಂಗೈಯನ್ನು ಗಿರಿಜಾಂಬ ಗಬಕ್ಕನೆ ಹಿಡಿದಳು. ಮಗ ದಯಾನಂದನ ಹೆಣವನ್ನು ಗೋಡೆಗೆ ಒರಗಿಸಿ, ಹಣೆ ತುಂಬ ವಿಭೂತಿ ಬಳಿದು ಕೂರಿಸಿದ್ದರು. ಅವರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು.

"ದಯಾ ನನ್ ಸ್ನೇಹಿತ ಕಣಮ್ಮ," ಎಂದ ನರೇಂದ್ರ.

ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಜಾತಿ! ಚನ್ನಪಟ್ಟಣದ ಆ ಬೀದಿಗೆ ನಶೆಯ ಪುಡಿ ತರುವವನು ಅವನೇ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವನ ತಮ್ಮ ಪ್ರಕಾಶ್, ದಯಾನಂದನ ಜೊತೆ ಗೊಂಬೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು, ಅಂಗಳದಲ್ಲಿ ಹೆಣ ಹೊರುವ ವಿಮಾನಕ್ಕೆ ಬಿದಿರು ಕಟ್ಟುತ್ತಿದ್ದ. ತಮ್ಮನೆಂದರೆ ನರೇಂದ್ರನಿಗೆ ಪ್ರಾಣ. ಪುಡಿಯ ಹತ್ತಿರ ಅವನನ್ನು ಸುಳಿಯಗೊಟ್ಟಿರಲಿಲ್ಲ.

"ಹಾರ ಆಮೇಲೆ. ಮೊದ್ಲು ನಿನ್ ಬೈಕಿನ ಹಾರನ್ ಹೊಡಿ," ಎಂದಳು ಗಿರಿಜಾಂಬ.

*

ಮಳೆಗಾಲಕ್ಕೆ ಮುಂಚೆ ಮಗನನ್ನು ಕರೆದೊಯ್ದಾಗ ರಾಮನಗರದ ಡಾಕ್ಟರು ಬಿಡಿಸಿ ಹೇಳಿದ್ದರು. "ಮೆದುಳಲ್ಲಿ ಡೋಪಮೈನ್ ಅಂತ ಒಂದು ರಸ ಇರುತ್ತಮ್ಮ. ಒಳ್ಳೆ ಊಟ ಮಾಡಿದ್ರೆ ಒಂಚೂರು ಬರುತ್ತೆ. ಈ ಪುಡಿ ಅದನ್ನ ಕೆರೆ ಕೋಡಿ ಬಿದ್ದ ಹಾಗೆ ಹರಿಸುತ್ತೆ. ಬರ್ತಾ ಬರ್ತಾ ಖುಷಿ ಬತ್ತಿ ಹೋಗುತ್ತೆ, ಬೇಕು ಅನ್ನೋದು ಮಾತ್ರ ಉಳಿಯುತ್ತೆ."

"ಬುಟ್ಮೇಲೆ ವಾಸಿ ಆಯ್ತದಲ್ವಾ ಸಾರ್?" ಎಂದು ಕೇಳಿದ್ದಳು ಗಿರಿಜಾಂಬ.

"ಆಗುತ್ತೆ, ನಿಧಾನಕ್ಕೆ. ಆದ್ರೆ ಪುಡಿ ಸಿಗೋ ಮುಂಚೆ ಕಂಡಿದ್ದು, ಕೇಳಿದ್ದು ಎಲ್ಲಾ ಮೆದುಳಿಗೆ ನೆನಪಿರುತ್ತೆ. ಮತ್ತೆ ಕೇಳಿದ್ರೆ ಸಾಕು, ಯೋಚನೆ ಮಾಡೋಕೆ ಮೊದಲೇ ಕಾಲು ಎದ್ದುಬಿಡುತ್ತೆ."

"ನರೇಂದ್ರನ ಹಾರನ್ನು," ಎಂದಿದ್ದ ದಯಾನಂದ, ತಲೆ ತಗ್ಗಿಸಿ. ಎರಡು ಗಿಡ್ಡ, ಒಂದು ಉದ್ದ.

ಈ ಬೀದಿಯಲ್ಲಿ ಹಾರನ್ ಹೊಡೀಬೇಡಪ್ಪ ಎಂದು ಗಿರಿಜಾಂಬ ಅವತ್ತೇ ನರೇಂದ್ರನ ಮುಂದೆ ಸೆರಗೊಡ್ಡಿದಳು. ಅವನು ನಕ್ಕ. ಮಳೆಗಾಲವೆಲ್ಲ ದಯಾನಂದ ಪುಡಿ ಬಿಟ್ಟು ಚೆನ್ನಾಗಿಯೇ ಇದ್ದ. ಬುಗುರಿ ಕಡೆದ, ಅರಗಿನ ಬಣ್ಣ ಹಚ್ಚಿದ, ಹೊಟ್ಟೆ ತುಂಬ ಉಂಡ. ಮೊನ್ನೆ ಸಂಜೆ ಬಾಗಿಲ ಮುಂದೆಯೇ ಹಾರನ್ ಕೇಳಿತು. ಮುದ್ದೆ ಮುರಿಯುತ್ತಿದ್ದವನು ಕೈ ಕೂಡ ತೊಳೆಯದೆ ಎದ್ದು ಹೋದ. ಬೆಳಗ್ಗೆ ಕಾರ್ಖಾನೆಯ ಹಿಂದೆ ಸಿಕ್ಕಾಗ ಎದೆಬಡಿತ ನಿಂತಿತ್ತು. ಬೆರಳ ಸಂದಿಯಲ್ಲಿ ಮುದ್ದೆ ಒಣಗಿತ್ತು.

*

"ಸಾವಿನ ಮನೇಲಿ ಇದೇನಮ್ಮ?" ನರೇಂದ್ರ ಸುತ್ತ ನೋಡಿದ.

"ಬುಡು ಗಿರಿಜಾ," ಎಂದ ಗಂಡ ಗವಿಸಿದ್ದಯ್ಯ.

"ಬುಡಕ್ಕಿಲ್ಲ. ಬ್ಯಾಡ ಅಂದಾಗ ಹೊಡ್ದ. ಈಗ ನಾನೇ ಯೋಳ್ತಾವ್ನಿ, ಹೊಡೀಲಿ. ನನ್ ಮಗ ಎದ್ದು ಬತ್ತಾನೇನೋ ನೋಡಾನ."

ಎಲ್ಲರ ಕಣ್ಣೂ ತನ್ನ ಮೇಲೆ ಬಿದ್ದಾಗ ನರೇಂದ್ರ ಬೇರೆ ದಾರಿಯಿಲ್ಲದೆ ಹಾರವನ್ನು ನೆಲಕ್ಕೆ ಬಿಟ್ಟು ಬಾಗಿಲಾಚೆಯ ಬೈಕಿನ ಹತ್ತಿರ ಹೋದ. ಎರಡು ಗಿಡ್ಡ, ಒಂದು ಉದ್ದ.

ದಯಾನಂದ ಕದಲಲಿಲ್ಲ.

ಅಂಗಳದಲ್ಲಿ ಪ್ರಕಾಶನ ಕೈಯಿಂದ ಬಿದಿರು ಜಾರಿತು. ಅವನು ಯಾರನ್ನೂ ನೋಡದೆ, ತುಟಿ ಸವರಿಕೊಳ್ಳುತ್ತ, ಬೈಕಿನ ಕಡೆ ನಡೆದ. ಅಣ್ಣನ ಮುಂದೆ ನಿಂತು ಅಂಗೈ ಚಾಚಿದ ಮೇಲೆಯೇ ಬೆಚ್ಚಿಬಿದ್ದದ್ದು.

"ನಿಂಗ್ಯಾರ್ಲಾ ಕೊಟ್ರು?" ಎಂದ ನರೇಂದ್ರ.

"ದಯಾನೇ. ಅವ್ನ ಪಾಲಿಂದು... ಬುಡೋಕ್ ಮುಂಚೆ ದಿನಾ ಒಸಿ ಕೊಡೋನು."

ಗಿರಿಜಾಂಬಳ ಹೊಟ್ಟೆ ತಣ್ಣಗಾಯಿತು. ಅದಕ್ಕೆ ಅವಳಿಗೆ ನಾಚಿಕೆಯೂ ಆಗಲಿಲ್ಲ. ನೆಲದಲ್ಲಿ ಬಿದ್ದಿದ್ದ ಸೇವಂತಿಗೆ ಹಾರವನ್ನು ಎತ್ತಿ, ಧೂಳು ಕೊಡವಿ, ತಂದು ನರೇಂದ್ರನ ಕೈಗೆ ಇಟ್ಟಳು.

"ಮಡಗ್ಕೊಳಪ್ಪ. ನಿನ್ ಮನೆಗೇ ಬೇಕಾಯ್ತದೆ."

ಪ್ರಕಾಶನ ಅಂಗೈ ಇನ್ನೂ ಚಾಚಿಯೇ ಇತ್ತು.